ಲ್ಯಾಪ್‌ಟಾಪ್ ಕೈಸೇರಿದ ಮೇಲೆ: ವಿಕಲಚೇತನ ವಿದ್ಯಾರ್ಥಿಗಳಿಗೆ ನೆರವಿನ ತಂತ್ರಜ್ಞಾನ ಕಲಿಸುವ ಬಗೆ

ಕಾಲೇಜು ಓದುವ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಟಾಕಿಂಗ್ ಲ್ಯಾಪ್‌ಟಾಪ್ ನೀಡುವ ಯೋಜನೆಯನ್ನು ನಡೆಸುತ್ತಾ ಬಂದಿದೆ. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಶ್ರವಣಯಂತ್ರ, ಗಾಲಿಕುರ್ಚಿ ಮೊದಲಾದ ಸಾಧನಗಳು ದೊರೆಯುತ್ತವೆ. ಅರ್ಜಿ ಹಾಕಿ, ತಾಲ್ಲೂಕು ಕಚೇರಿಗೆ ನಾಲ್ಕಾರು ಬಾರಿ ಅಲೆದು, ಸರದಿ ಬರುವ ತನಕ ಕಾಯುವ ತಾಳ್ಮೆಯಿದ್ದರೆ ಯಂತ್ರ ಒಂದಲ್ಲ ಒಂದು ದಿನ ಮನೆಗೆ ಬರುತ್ತದೆ. ಆದರೆ ಹೊಸನಗರದ ಕಡೆಯ ಹಳ್ಳಿಯೊಂದರ ಮನೆಗೆ ಬಂದ ಆ ಲ್ಯಾಪ್‌ಟಾಪಿನ ಪಕ್ಕದಲ್ಲಿ ವಾರಗಟ್ಟಲೆ ಕುಳಿತು, ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂದು ಹೇಳಿಕೊಡುವವರು ಯಾರು ಎಂಬ ಪ್ರಶ್ನೆಗೆ ಯಾವ ಯೋಜನೆಯಲ್ಲಿಯೂ ಸರಿಯಾದ ಉತ್ತರವಿಲ್ಲ. ಕಲಿಸುವವರಿಲ್ಲದ ಯಂತ್ರ ಬ್ಯಾಗಿನಿಂದ ಹೊರಗೆ ಬರುವುದಿಲ್ಲ. ಬಂದರೂ ಮನೆಯ ಬೇರೆ ಮಕ್ಕಳು ಸಿನಿಮಾ ನೋಡುವುದಕ್ಕೆ ಬಳಕೆಯಾಗುತ್ತದೆ.

ನೆರವಿನ ತಂತ್ರಜ್ಞಾನವೆಂದರೆ ದೇಹದ ಅಥವಾ ಇಂದ್ರಿಯದ ಮಿತಿಯಿಂದಾಗಿ ಒಬ್ಬರಿಗೆ ಮಾಡಲಾಗದ ಕೆಲಸವನ್ನು ಬೇರೊಂದು ದಾರಿಯಿಂದ ಮಾಡಲು ಅನುವು ಮಾಡಿಕೊಡುವ ಸಾಧನ ಅಥವಾ ತಂತ್ರಾಂಶ. ಬಿಳಿಕೋಲು, ಬ್ರೈಲ್ ಸ್ಲೇಟು, ಶ್ರವಣಯಂತ್ರ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್, ಮಾತನ್ನು ಬರಹವಾಗಿಸುವ ಆ್ಯಪ್, ಇವೆಲ್ಲ ಅದರೊಳಗೆ ಬರುತ್ತವೆ. ಇದನ್ನು ಕಲಿಸುವ ಕುರಿತು ನನ್ನ ಅಭಿಪ್ರಾಯ ಸರಳವಾದುದು. ಪಾಠವು ತಂತ್ರಾಂಶದ ಮೆನುವಿನಿಂದ ಶುರುವಾಗಬಾರದು, ವಿದ್ಯಾರ್ಥಿ ಆ ವಾರ ಮಾಡಬೇಕಾದ ಕೆಲಸದಿಂದ ಶುರುವಾಗಬೇಕು. ಮತ್ತು ಪಾಠದ ಅರ್ಧ ಭಾಗ ಆ ವಿದ್ಯಾರ್ಥಿಗೆ ನೋಟ್ಸ್ ಕೊಡುವ, ಪ್ರಶ್ನೆಪತ್ರಿಕೆ ತಯಾರಿಸುವ, ಅರ್ಜಿ ನಮೂನೆ ಮಾಡುವ ಉಪನ್ಯಾಸಕರಿಗೆ ಮತ್ತು ಕಚೇರಿಯ ಸಿಬ್ಬಂದಿಗೆ ಸಲ್ಲಬೇಕು.

ಕಾನೂನಿನ ನೆಲೆ ಗಟ್ಟಿಯಾಗಿಯೇ ಇದೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದರೆ ಇದರಲ್ಲಿ 21 ಇವೆ. ಕಲಿಕಾ ನ್ಯೂನತೆಯೂ ಅವುಗಳಲ್ಲೊಂದು. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರಷ್ಟು ಸೀಟುಗಳನ್ನು ಮೀಸಲಿಡಬೇಕು, ಗರಿಷ್ಠ ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಕೊಡಬೇಕು. ಅಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಶಿಕಾರಿಪುರಗಳ ಪದವಿ ಕಾಲೇಜುಗಳಿಗೆ ಈ ವಿದ್ಯಾರ್ಥಿಗಳು ಬರುವುದು ಯಾರ ಔದಾರ್ಯದಿಂದಲೂ ಅಲ್ಲ. ಸೀಟು ಕೊಟ್ಟ ಮೇಲೆ ಓದಿಸುವ ಹೊಣೆ ಕಾಲೇಜಿನದೇ.

ಸ್ಕ್ರೀನ್ ರೀಡರ್ ಓದುವುದು ಏನನ್ನು?

ಅಂಧ ವಿದ್ಯಾರ್ಥಿಗೆ ಕಲಿಸುವವರು ಮೊದಲು ತಾವು ಅರಿಯಬೇಕಾದ ಸಂಗತಿಯೊಂದಿದೆ. ಸ್ಕ್ರೀನ್ ರೀಡರ್‌ಗೆ ಕಣ್ಣಿಲ್ಲ. ಪರದೆಯ ಮೇಲೆ ನಮಗೆ ಕಾಣುವ ಚಿತ್ರವನ್ನು ಅದು ನೋಡುವುದಿಲ್ಲ. ಕಂಪ್ಯೂಟರಿನೊಳಗೆ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಕೇತ ಸಂಖ್ಯೆಯಿರುತ್ತದೆ. ಪ್ರತಿಯೊಂದು ಗುಂಡಿಗೆ, ಕೊಂಡಿಗೆ, ಶೀರ್ಷಿಕೆಗೆ ‘ನಾನು ಗುಂಡಿ’, ‘ನಾನು ಕೊಂಡಿ’, ‘ನಾನು ಶೀರ್ಷಿಕೆ’ ಎಂಬ ಗುರುತೂ ಇರುತ್ತದೆ, ಅಥವಾ ಇರಬೇಕು. ಸ್ಕ್ರೀನ್ ರೀಡರ್ ಆ ಸಂಕೇತವನ್ನೂ ಗುರುತನ್ನೂ ಎತ್ತಿಕೊಂಡು, ಬರಹವನ್ನು ಧ್ವನಿಯಾಗಿಸುವ ಇನ್ನೊಂದು ತಂತ್ರಾಂಶಕ್ಕೆ ದಾಟಿಸುತ್ತದೆ. ಗುರುತು ಸರಿಯಾಗಿದ್ದರೆ ಓದು ಸರಿಯಾಗಿರುತ್ತದೆ. ಗುರುತೇ ಇಲ್ಲದಿದ್ದರೆ ಕಣ್ಣಿಗೆ ಎಷ್ಟು ಅಂದವಾಗಿ ಕಂಡರೂ ಅಲ್ಲಿ ಓದಲು ಏನೂ ಇರುವುದಿಲ್ಲ.

ವಿಂಡೋಸ್ ಕಂಪ್ಯೂಟರಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎನ್‌ವಿಡಿಎ ಮತ್ತು ಜಾಸ್. ಜಾಸ್ ಹಣ ಕೊಟ್ಟು ಕೊಳ್ಳಬೇಕಾದುದು. ಎನ್‌ವಿಡಿಎ ಉಚಿತ; ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಇದನ್ನು ಬರೆಯತೊಡಗಿದರು, ಮುಂದೆ ಜೇಮ್ಸ್ ಟೆಹ್ ಎಂಬ ಇನ್ನೊಬ್ಬ ಅಂಧ ತಂತ್ರಜ್ಞರು ಜೊತೆಗೂಡಿದರು. ಅದರೊಂದಿಗೆ ಬರುವ ಇಸ್ಪೀಕ್ ಧ್ವನಿಯು ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಆಪಲ್ ಫೋನಿನಲ್ಲಿ ವಾಯ್ಸ್‌ಓವರ್ ಮೊದಲೇ ಅಡಕವಾಗಿರುತ್ತವೆ. ಇಸ್ಪೀಕ್ ಧ್ವನಿ ಕೇಳಿದ ಮೊದಲ ದಿನ ಮಕ್ಕಳು ಮೂಗು ಮುರಿಯುತ್ತಾರೆ, ಅದು ಡಬ್ಬಿಯೊಳಗಿಂದ ಮಾತನಾಡಿದಂತೆ ಕೇಳುತ್ತದೆ. ಗೂಗಲ್‌ನ ಕನ್ನಡ ಧ್ವನಿ ಕಿವಿಗೆ ಹಿತ. ಆದರೂ ದಿನದ ಕೆಲಸಕ್ಕೆ ಒರಟು ಧ್ವನಿಯೇ ಮೇಲು ಎಂಬುದು ನನ್ನ ಅನುಭವದ ಮಾತು: ಕೀಲಿ ಒತ್ತಿದ ತಕ್ಷಣ ಅದು ಉತ್ತರಿಸುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ತಡವರಿಸುವುದಿಲ್ಲ, ವೇಗವನ್ನು ಎಷ್ಟು ಏರಿಸಿದರೂ ಅಕ್ಷರಗಳು ಕಲಸಿಹೋಗುವುದು ಕಡಿಮೆ. ಹಿತವಾದ ಧ್ವನಿಯನ್ನು ಕಾದಂಬರಿ ಓದುವುದಕ್ಕೆ ಇಟ್ಟುಕೊಳ್ಳಬಹುದು.

ಮೊದಲ ತರಗತಿ

ಮೊದಲ ದಿನವೇ ಇಂಟರ್‌ನೆಟ್ ತೆರೆದು ತೋರಿಸುವ ಉತ್ಸಾಹ ಕಲಿಸುವವರಿಗೆ ಇರುತ್ತದೆ. ಅದನ್ನು ತಡೆದುಕೊಳ್ಳಬೇಕು. ಎನ್‌ವಿಡಿಎಯಲ್ಲಿ ಇನ್ಸರ್ಟ್ ಕೀಲಿಯನ್ನು ಒತ್ತಿಹಿಡಿದು 1 ಎಂಬ ಅಂಕಿಯ ಕೀಲಿಯನ್ನು ಒತ್ತಿದರೆ ‘ಇನ್‌ಪುಟ್ ಹೆಲ್ಪ್’ ಎಂಬ ಸ್ಥಿತಿ ಆರಂಭವಾಗುತ್ತದೆ. ಆಗ ಯಾವ ಕೀಲಿ ಒತ್ತಿದರೂ ಅದರ ಹೆಸರನ್ನೂ ಕೆಲಸವನ್ನೂ ಹೇಳುತ್ತದೆಯೇ ಹೊರತು ಆ ಕೆಲಸ ನಡೆಯುವುದಿಲ್ಲ. ಏನಾದರೂ ಅಳಿಸಿಹೋದೀತು, ಯಂತ್ರ ಕೆಟ್ಟೀತು ಎಂಬ ಭಯ ಹೊತ್ತು ಬಂದ ವಿದ್ಯಾರ್ಥಿನಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಅವಳ ಕೈಯನ್ನು ಹಿಡಿದು ಕೀಲಿಯ ಮೇಲೆ ಇಡಬಾರದು. ಮಾತಿನಲ್ಲಿ ದಾರಿ ಹೇಳಿ, ಬೆರಳು ತಾನೇ ಹುಡುಕಲಿ ಎಂದು ಬಿಡಬೇಕು. ಮೌಸನ್ನು ತೆಗೆದು ದೂರ ಇಡುವುದು ಕಲಿಸುವವರಿಗೇ ಒಳ್ಳೆಯದು, ಇಲ್ಲದಿದ್ದರೆ ವಿದ್ಯಾರ್ಥಿನಿ ಎಡವಿದ ಕಡೆಯಲ್ಲೆಲ್ಲ ನಮ್ಮ ಕೈ ಅಲ್ಲಿಗೆ ಹೋಗುತ್ತದೆ, ಕೆಲಸ ನಾವೇ ಮಾಡಿ ಮುಗಿಸಿರುತ್ತೇವೆ.

ಎರಡನೆಯ ಹೆಜ್ಜೆ ಟೈಪಿಂಗ್. ಎಲ್ಲ ಕೀಲಿಮಣೆಗಳಲ್ಲಿಯೂ ಎಫ್ ಮತ್ತು ಜೆ ಕೀಲಿಗಳ ಮೇಲೆ ಬೆರಳಿಗೆ ತಾಗುವ ಸಣ್ಣ ಗೀಟು ಇರುತ್ತದೆ. ಎರಡು ತೋರುಬೆರಳುಗಳನ್ನು ಅಲ್ಲಿ ಊರಿದರೆ ಉಳಿದ ಬೆರಳುಗಳ ಜಾಗ ತಾನಾಗಿ ಗೊತ್ತಾಗುತ್ತದೆ. ಕನ್ನಡ ಬರೆಯಲು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ತಂತ್ರಾಂಶದಲ್ಲಿರುವ ಕೀಲಿಮಣೆಯನ್ನೇ ಕಲಿಸುವುದು ಲೇಸು, ಏಕೆಂದರೆ ನಾಳೆ ಸರ್ಕಾರಿ ಕಚೇರಿಯ ಕೆಲಸಕ್ಕೆ ಹೋದರೂ ಅಲ್ಲಿರುವುದು ಅದೇ. ಈ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸುವ ಕೀಲಿ ಎಫ್. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂದು ಐದು ಬಾರಿ ಒತ್ತಿದರೆ ಸಾಕು. ಒತ್ತಕ್ಷರಗಳೇ ತುಂಬಿರುವ ನಮ್ಮ ಬರಹದಲ್ಲಿ ಪದೇ ಪದೇ ಬೇಕಾಗುವ ಕೀಲಿ ಕಣ್ಣಿಲ್ಲದ ಬೆರಳು ಸದಾ ಊರಿಕೊಂಡಿರುವ ಗೀಟಿನ ಕೆಳಗೇ ಸಿಕ್ಕಿರುವುದು ಅನುಕೂಲಕರ ಆಕಸ್ಮಿಕ.

ಬ್ರೈಲ್ ಕಲಿತು ಬಂದವರಿಗೆ ಇಲ್ಲಿ ಒಂದು ತೊಡಕು ಎದುರಾಗುತ್ತದೆ, ಇದನ್ನು ಮೊದಲೇ ತಿಳಿಸಿದರೆ ಅವರ ಗೊಂದಲ ಕಡಿಮೆಯಾಗುತ್ತದೆ. 1950ರ ದಶಕದ ಆರಂಭದಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಪದ್ಧತಿಯನ್ನೇ ಕನ್ನಡಕ್ಕೂ ಬಳಸುತ್ತೇವೆ. ಅದರಲ್ಲಿ ವ್ಯಂಜನದ ಸ್ವರವನ್ನು ಕಳೆಯುವ ಚುಕ್ಕೆಯು ಆ ವ್ಯಂಜನಕ್ಕಿಂತ ಮೊದಲು ಬರುತ್ತದೆ. ‘ಕ್ಯ’ ಎಂದು ಬರೆಯಲು ಮೊದಲು ಆ ಚುಕ್ಕೆ, ಅನಂತರ ಕ, ಅನಂತರ ಯ. ಕೀಲಿಮಣೆಯಲ್ಲಿ ಕ ಮೊದಲು, ಎಫ್ ಆಮೇಲೆ. ಶಾಲೆಯಲ್ಲಿ ಹತ್ತು ವರ್ಷ ಬ್ರೈಲ್ ಬರೆದ ಬೆರಳಿಗೆ ಈ ಅದಲುಬದಲು ಒಗ್ಗಲು ಸಮಯ ಬೇಕು. ಹಾಗೆಂದು ಬ್ರೈಲನ್ನು ಬಿಟ್ಟುಬಿಡಲು ಹೇಳುವುದು ದೊಡ್ಡ ಅನ್ಯಾಯವಾದೀತು. ಬರೀ ಕೇಳಿ ಓದಿದವರಿಗೆ ಕಾಗುಣಿತ ಕೈಕೊಡುತ್ತದೆ. ಶ ಮತ್ತು ಷ ಕಿವಿಗೆ ಹೆಚ್ಚುಕಡಿಮೆ ಒಂದೇ. ವೇಗವಾಗಿ ಓಡುವ ಯಂತ್ರಧ್ವನಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಹಿಡಿಯುವುದು ಕಷ್ಟ. ಕನ್ನಡ ಐಚ್ಛಿಕ ಓದುವ ವಿದ್ಯಾರ್ಥಿ ‘ಬಾಶೆ’ ಎಂದು ಬರೆದರೆ ಮೌಲ್ಯಮಾಪಕರು ಅಂಕ ಕಳೆಯುತ್ತಾರೆ, ಅವನು ಆ ಪದವನ್ನು ಎಂದೂ ಬೆರಳಿನಿಂದ ಮುಟ್ಟಿ ಓದಿಲ್ಲವೆಂಬುದು ಅವರಿಗೆ ತಿಳಿದಿರುವುದಿಲ್ಲ. ಬ್ರೈಲ್ ಬಾರದವರಿಗೆ ಬಾಣದ ಕೀಲಿಯಿಂದ ಪದವನ್ನು ಅಕ್ಷರ ಅಕ್ಷರವಾಗಿ ಓದಿಸುವ ಅಭ್ಯಾಸವನ್ನು ದಿನವೂ ಮಾಡಿಸಬೇಕು. ಕಂಪ್ಯೂಟರಿಗೆ ಜೋಡಿಸಿದರೆ ಪರದೆಯ ಬರಹವನ್ನು ಬ್ರೈಲ್ ಚುಕ್ಕೆಗಳಾಗಿ ಎಬ್ಬಿಸುವ ಸಾಧನಗಳೂ ಇವೆ, ಆದರೆ ಬೆಲೆ ಇನ್ನೂ ಹಳ್ಳಿಯ ಕುಟುಂಬಗಳ ಕೈಗೆಟುಕುವಂತಿಲ್ಲ.

ಅಲ್ಲಿಂದ ಮುಂದೆ ಪಾಠವನ್ನು ಕೆಲಸಗಳೇ ನಡೆಸಿಕೊಂಡು ಹೋಗಲಿ. ಬಿ.ಕಾಂ. ವಿದ್ಯಾರ್ಥಿಗೆ ಖಾತೆ ಪುಸ್ತಕದ ಕೋಷ್ಟಕ ಓದುವುದು ಮೊದಲ ಅಗತ್ಯ. ವರ್ಡ್‌ನಲ್ಲಿ ಅಥವಾ ಜಾಲತಾಣದಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಹಿಡಿದು ಬಾಣದ ಕೀಲಿ ಒತ್ತಿದರೆ ಕೋಷ್ಟಕದ ಒಂದು ಚೌಕದಿಂದ ಪಕ್ಕದ ಚೌಕಕ್ಕೆ ಹೋಗಬಹುದು, ಯಾವ ಕಾಲಮ್ಮಿನಲ್ಲಿದ್ದೇವೆ ಎಂದು ತಂತ್ರಾಂಶ ಹೇಳುತ್ತದೆ. ಬಿ.ಎ. ವಿದ್ಯಾರ್ಥಿಗೆ ಅದಕ್ಕಿಂತ ಮೊದಲು ಉದ್ದದ ಅಧ್ಯಾಯದಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುವುದು ಬೇಕಾಗುತ್ತದೆ. ಇಬ್ಬರಿಗೂ ವಿದ್ಯಾರ್ಥಿವೇತನದ ಅರ್ಜಿ ತುಂಬುವುದನ್ನು ಕಲಿಸಲೇಬೇಕು, ಏಕೆಂದರೆ ಅಲ್ಲಿ ಓಟಿಪಿ ಬಂದು ಅದು ಕಳೆಯುವುದರೊಳಗೆ ಫೋನಿನಿಂದ ಕೇಳಿಸಿಕೊಂಡು ಕಂಪ್ಯೂಟರಿನಲ್ಲಿ ಬರೆಯುವ ಚುರುಕು ಬೇಕಾಗುತ್ತದೆ. ಸೊಟ್ಟ ಅಕ್ಷರಗಳ ಚಿತ್ರ ತೋರಿಸಿ ಓದಿ ಬರೆಯಿರಿ ಎನ್ನುವ, ಧ್ವನಿಯ ಆಯ್ಕೆಯೇ ಇಲ್ಲದ ತಾಣಗಳಲ್ಲಿ ಮಾತ್ರ ಯಾವ ಚುರುಕೂ ನಡೆಯುವುದಿಲ್ಲ. ಅಲ್ಲಿ ಪಕ್ಕದವರ ಕಣ್ಣನ್ನು ಸಂಕೋಚವಿಲ್ಲದೆ ಕೇಳುವುದನ್ನೂ ಕಲಿಸಬೇಕಾಗುತ್ತದೆ.

ಉಪನ್ಯಾಸಕರ ಪಾಠ

ಈಗ ಇನ್ನರ್ಧ ಭಾಗಕ್ಕೆ ಬರೋಣ. ತರಗತಿಯ ವಾಟ್ಸ್‌ಆ್ಯಪ್ ಗುಂಪು ಇಂದು ಪ್ರತಿ ಕಾಲೇಜಿನಲ್ಲೂ ಇದೆ. ಉಪನ್ಯಾಸಕರು ತಮ್ಮ ಕೈಬರಹದ ಟಿಪ್ಪಣಿಯನ್ನೋ ಪುಸ್ತಕದ ಪುಟವನ್ನೋ ಫೋಟೋ ತೆಗೆದು ಹಾಕುತ್ತಾರೆ. ಮರುದಿನ ತರಗತಿಯಲ್ಲಿ ನಡೆಯುವ ಮಾತು ಹೀಗಿರುತ್ತದೆ:

“ಗ್ರೂಪಿಗೆ ನೋಟ್ಸ್ ಹಾಕಿದ್ದೆನಲ್ಲಮ್ಮ, ನೋಡ್ಲಿಲ್ವಾ?”

“ನೋಡ್ದೆ ಸರ್. ಹನ್ನೆರಡು ಫೋಟೋ ಬಂದಿದೆ ಅಂತ ಹೇಳ್ತು. ಅದ್ರಲ್ಲಿ ಎಂತ ಇದೆ ಅಂತ ಮಾತ್ರ ಹೇಳ್ಲಿಲ್ಲ.”

ಫೋಟೋದಲ್ಲಿ ಅಕ್ಷರದ ಸಂಕೇತವಿಲ್ಲ, ಶಾಯಿಯ ಚಿತ್ರವಿದೆ ಅಷ್ಟೇ. ಸ್ಕ್ಯಾನ್ ಮಾಡಿದ ಪಿಡಿಎಫ್‌ನದೂ ಇದೇ ಕಥೆ. ಮುದ್ರಿತ ಪುಟವಾದರೆ ಗೂಗಲ್ ಲೆನ್ಸ್ ಅಥವಾ ಗೂಗಲ್ ಡ್ರೈವ್ ಮೂಲಕ ಚಿತ್ರದಿಂದ ಕನ್ನಡ ಅಕ್ಷರಗಳನ್ನು ಹೊರತೆಗೆಯಬಹುದು. ಹೊಸ ಮುದ್ರಣವಿದ್ದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಹಳೆಯ ಅಚ್ಚುಮೊಳೆಯ ಪುಸ್ತಕಗಳಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿದಲ್ಲಿ ತಪ್ಪುಗಳು ಸೇರಿಕೊಳ್ಳುತ್ತವೆ. ಇಂತಹ ಬರಹವನ್ನು ಮೂಲದೊಂದಿಗೆ ಹೋಲಿಸಿ ತಿದ್ದುವ ಕೆಲಸವನ್ನು ಎನ್ನೆಸ್ಸೆಸ್ ಸ್ವಯಂಸೇವಕರಿಗೆ ಕೊಟ್ಟರೆ ಒಂದು ಸೆಮಿಸ್ಟರಿನ ಪಠ್ಯ ಎಲ್ಲರ ಕೈಯಿಂದ ಹಗುರವಾಗಿ ಮುಗಿಯುತ್ತದೆ. ಆವರಣದ ಗಿಡಗಂಟಿ ಕಡಿಯುವುದಕ್ಕಿಂತ ಅದು ಕಡಿಮೆ ಸೇವೆಯೇನಲ್ಲ.

ಟೈಪ್ ಮಾಡಿದ ನೋಟ್ಸ್ ಕೊಟ್ಟರೂ ತೊಂದರೆ ಮುಗಿಯುವುದಿಲ್ಲ. ನಿಜವಾದ ಕಗ್ಗಂಟು ಇರುವುದು ಇಲ್ಲಿಯೇ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿಯಂತಹ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತ ಸಂಖ್ಯೆಗಳ ಮೇಲೆ ಕನ್ನಡ ಅಕ್ಷರದ ಚಿತ್ರಗಳನ್ನು ಕೂರಿಸಿದ್ದವು. ನುಡಿಯ ಹಳೆಯ ಫಾಂಟಿನಲ್ಲಿ ‘ಕ’ ಎಂದು ಕಾಣುವುದರ ಒಳಗೆ ಇರುವುದು ಇಂಗ್ಲಿಷಿನ ದೊಡ್ಡ ಪಿ ಮತ್ತು ನೆತ್ತಿಯ ಮೇಲೆ ಗೆರೆ ಹೊತ್ತ ಒಂದು ಎ. ಕಣ್ಣಿಗೆ ಅದು ಅಚ್ಚಗನ್ನಡ. ಸ್ಕ್ರೀನ್ ರೀಡರ್‌ಗೆ ಪಿ, ಎ ಮುಂತಾದ ಅರ್ಥವಿಲ್ಲದ ಅಕ್ಷರಗಳ ಸಾಲು. ಇಪ್ಪತ್ತು ವರ್ಷಗಳಿಂದ ಕೂಡಿಟ್ಟ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆಗಳು, ಕಚೇರಿಯ ಸುತ್ತೋಲೆಗಳು ಬಹುಪಾಲು ಈ ಹಳೆಯ ಸಂಕೇತದಲ್ಲಿಯೇ ಇವೆ, ಜೆರಾಕ್ಸ್ ಅಂಗಡಿಯಲ್ಲಿ ಡಿಟಿಪಿ ಮಾಡಿಸಿದರೆ ಇಂದಿಗೂ ಅದೇ ಬರುವ ಸಂಭವವಿದೆ. ಪರೀಕ್ಷಿಸುವುದು ಸುಲಭ: ಕಡತದಿಂದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿದಾಗ ಕನ್ನಡ ಕಾಣಿಸಿದರೆ ಅದು ಯೂನಿಕೋಡ್, ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಾಣಿಸಿದರೆ ಹಳೆಯ ಸಂಕೇತ.

ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ನುಡಿಯಲ್ಲಿಯೂ ಇವೆ, ಬೇರೆಯವರು ಮಾಡಿದ ಉಚಿತ ಪರಿವರ್ತಕಗಳೂ ಇವೆ. ಆದರೆ ಅರ್ಕಾವತ್ತಿನ ಮೇಲೆ ಒಂದು ಕಣ್ಣಿಟ್ಟಿರಬೇಕು. ‘ಸೂರ್ಯ’ ಎಂಬ ಪದದಲ್ಲಿ ಹಳೆಯ ಫಾಂಟು ಯ ಅಕ್ಷರವನ್ನು ಮೊದಲು ಇರಿಸಿ ಅದರ ಬಲಕ್ಕೆ ಅರ್ಕಾವತ್ತಿನ ಚಿತ್ರವನ್ನು ಇಡುತ್ತದೆ, ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮದಲ್ಲಿಯೇ ರ್ ಮೊದಲು, ಯ ಆಮೇಲೆ. ಪರಿವರ್ತಕ ಈ ಸ್ಥಾನಪಲ್ಲಟವನ್ನು ತಪ್ಪಿದರೆ ಪದ ಕೆಡುತ್ತದೆ, ಕಿವಿಗೆ ಗುರುತು ಸಿಗದಷ್ಟು ಕೆಡುತ್ತದೆ.

ಇನ್ನೊಂದು ಸಂಗತಿ ಶೀರ್ಷಿಕೆಗಳದು. ‘ಘಟಕ 2’ ಎಂದು ಬರೆದು ಅಕ್ಷರ ದಪ್ಪ ಮಾಡಿ, ಗಾತ್ರ ಹೆಚ್ಚಿಸಿದರೆ ಕಣ್ಣಿದ್ದವರಿಗೆ ಅದು ಶೀರ್ಷಿಕೆ. ಸ್ಕ್ರೀನ್ ರೀಡರ್‌ಗೆ ಅದು ಮತ್ತೊಂದು ಸಾಲು ಮಾತ್ರ. ವರ್ಡ್‌ನಲ್ಲಿ ಸಿದ್ಧವಾಗಿರುವ ಹೆಡಿಂಗ್ ಶೈಲಿಯನ್ನು ಆರಿಸಿ ಹಾಕಿದರೆ ವಿದ್ಯಾರ್ಥಿನಿ ಸ್ಕ್ರೀನ್ ರೀಡರಿನ ಓದುವ ಸ್ಥಿತಿಯಲ್ಲಿ (ಬ್ರೌಸ್ ಮೋಡ್) ಎಚ್ ಕೀಲಿ ಒತ್ತುತ್ತಾ ಮೊದಲನೆಯ ಘಟಕದಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗಬಲ್ಲಳು. ಇಲ್ಲವಾದರೆ ನಲವತ್ತು ಪುಟವನ್ನು ಮೊದಲಿಂದ ಕೇಳುತ್ತಾ ಕೂರಬೇಕು. ಉಪನ್ಯಾಸಕರಿಗೆ ಇದಕ್ಕೆ ತಗಲುವುದು ಎರಡು ಕ್ಲಿಕ್. ಕೋಷ್ಟಕದಲ್ಲಿ ಚೌಕಗಳನ್ನು ಒಂದಕ್ಕೊಂದು ಬೆಸೆಯದಿರುವುದು, ಚಿತ್ರ ಅಥವಾ ನಕ್ಷೆಯಿದ್ದರೆ ಅದರಲ್ಲೇನಿದೆ ಎಂದು ಎರಡು ಸಾಲು ಬರೆಯುವುದು, ಕಪ್ಪುಹಲಗೆಯ ಮೇಲೆ ಬರೆಯುವಾಗ ‘ಇದನ್ನು ಇದರಿಂದ ಕಳೆದರೆ ಇದು’ ಎನ್ನದೆ ಸಂಖ್ಯೆಗಳನ್ನು ಬಾಯಿಬಿಟ್ಟು ಹೇಳುವುದು, ಇವೂ ಅಷ್ಟೇ ಸಣ್ಣ ಕೆಲಸಗಳು.

ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚಿದರೆ ಕಾಪಿರೈಟ್ ಮೊಕದ್ದಮೆ ಬಿದ್ದೀತು ಎಂದು ಗ್ರಂಥಪಾಲಕರು ಹಿಂಜರಿಯುವುದುಂಟು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಂದ ತಿದ್ದುಪಡಿಯು ವಿಕಲಚೇತನರು ಓದಬಲ್ಲ ರೂಪಕ್ಕೆ ಕೃತಿಯನ್ನು ಬದಲಿಸಿ, ಲಾಭದ ಉದ್ದೇಶವಿಲ್ಲದೆ ಅವರಿಗೆ ಕೊಡಲು ಅವಕಾಶ ಮಾಡಿದೆ. ಇದೇ ಆಶಯದ ಮರ್ರಾಕೇಶ್ ಒಪ್ಪಂದ 2013ರಲ್ಲಿ ರೂಪುಗೊಂಡಾಗ ಅದನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತವೇ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಇಂತಹ ಪುಸ್ತಕಗಳು ಸಿಗುತ್ತವೆ. ನಮ್ಮ ವಿದ್ಯಾರ್ಥಿಗೆ ಬೇಕಾದ ಪಠ್ಯ ಅಲ್ಲಿ ಇಲ್ಲದಿದ್ದರೆ ತಯಾರಿಸಿಕೊಡುವುದಕ್ಕೆ ಕಾನೂನು ಅಡ್ಡಬರುವುದಿಲ್ಲ. ಅದನ್ನು ವೈಕಲ್ಯವಿಲ್ಲದ ಬೇರೆ ವಿದ್ಯಾರ್ಥಿಗಳಿಗೆ ಹಂಚದಂತೆ ನೋಡಿಕೊಂಡರಾಯಿತು.

ಕಿವಿ, ಕೈ, ಓದು

ನೆರವಿನ ತಂತ್ರಜ್ಞಾನವೆಂದರೆ ಅಂಧರಿಗೆ ಮಾತ್ರ ಎಂಬಂತೆ ಇಷ್ಟು ಹೊತ್ತು ಬರೆದಿದ್ದೇನೆ. ಕಲಿಸಲು ಹೆಚ್ಚು ಸಮಯ ಬೇಡುವುದು ಅದೇ ಆದ್ದರಿಂದ ಹಾಗಾಯಿತು. ಮಂದದೃಷ್ಟಿಯವರಿಗೆ ಸ್ಕ್ರೀನ್ ರೀಡರ್ ಹೇರಬೇಕಾಗಿಲ್ಲ. ವಿಂಡೋಸ್ ಕೀಲಿಯೊಂದಿಗೆ ಪ್ಲಸ್ ಒತ್ತಿದರೆ ಪರದೆ ಹಿಗ್ಗುತ್ತದೆ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಮಾಡಿಕೊಳ್ಳಬಹುದು, ಕಿಟಕಿಯ ಬೆಳಕು ಬೆನ್ನ ಹಿಂದಿನಿಂದ ಬರುವಂತೆ ಕೂರಿಸುವುದೇ ಕೆಲವರಿಗೆ ಅರ್ಧ ಪರಿಹಾರ.

ಶ್ರವಣಯಂತ್ರ ಧರಿಸಿದ ವಿದ್ಯಾರ್ಥಿಗೆ ಎಲ್ಲವೂ ಕೇಳುತ್ತದೆ ಎಂಬ ತಪ್ಪು ಕಲ್ಪನೆ ಇದೆ. ಶ್ರವಣಯಂತ್ರ ಹತ್ತಿರದ ಮಾತನ್ನೂ ಬೆಂಚು ಎಳೆದ ಸದ್ದನ್ನೂ ಒಟ್ಟಿಗೇ ಹೆಚ್ಚಿಸುತ್ತದೆ, ದೂರದ ಧ್ವನಿ ಗದ್ದಲದಲ್ಲಿ ಮುಳುಗುತ್ತದೆ. ಉಪನ್ಯಾಸಕರ ಕೊರಳ ಬಳಿ ಸಣ್ಣ ಮೈಕು ಸಿಕ್ಕಿಸಿ ಅದರ ಧ್ವನಿಯನ್ನು ನೇರವಾಗಿ ಶ್ರವಣಯಂತ್ರಕ್ಕೆ ಕಳಿಸುವ ವ್ಯವಸ್ಥೆಯಿಂದ ಬಹಳ ಅನುಕೂಲವಾಗುತ್ತದೆ. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡದ ಮಾತನ್ನು ಬರಹವಾಗಿ ತೋರಿಸುತ್ತದೆ. ಉಪನ್ಯಾಸಕರ ಭಾಷೆಯಲ್ಲಿ ಇಂಗ್ಲಿಷ್ ಪಾರಿಭಾಷಿಕ ಪದಗಳು ಬೆರೆತಾಗ ಅದು ಎಡವುತ್ತದೆ, ಆದ್ದರಿಂದ ಆ ದಿನದ ಪಾಠದ ಮುಖ್ಯ ಪದಗಳನ್ನು ಹಲಗೆಯ ಮೇಲೆ ಮೊದಲೇ ಬರೆದಿಡಬೇಕು. ಹುಟ್ಟಿನಿಂದ ಕಿವುಡರಾಗಿ ಸಂಜ್ಞಾಭಾಷೆಯಲ್ಲಿ ಬೆಳೆದವರಿಗೆ ಬರಹದ ಕನ್ನಡವು ಎರಡನೆಯ ಭಾಷೆ ಎಂಬುದನ್ನೂ ಮರೆಯಬಾರದು. ಪರದೆಯ ಮೇಲೆ ಸಾಲುಗಳು ಓಡಿದ ಮಾತ್ರಕ್ಕೆ ಪಾಠ ಅರ್ಥವಾಯಿತೆಂದು ಅಲ್ಲ. ಅವರಿಗೆ ಭಾರತೀಯ ಸಂಜ್ಞಾಭಾಷೆ ಬಲ್ಲ ದುಭಾಷಿ ಬೇಕು, ಆ ಜಾಗವನ್ನು ಆ್ಯಪ್ ತುಂಬಲಾರದು.

ಸೆರೆಬ್ರಲ್ ಪಾಲ್ಸಿಯಿಂದ ಬೆರಳು ಹತೋಟಿಗೆ ಬಾರದವರಿಗೆ ಒಂದೇ ಬಾರಿಗೆ ಎರಡು ಮೂರು ಕೀಲಿ ಒತ್ತುವ ಅಗತ್ಯವನ್ನು ತಪ್ಪಿಸುವ ಸ್ಟಿಕಿ ಕೀಸ್, ತಿಳಿಯದೆ ತಾಗಿದ ಕೀಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಫಿಲ್ಟರ್ ಕೀಸ್ ವಿಂಡೋಸ್‌ನಲ್ಲಿಯೇ ಇವೆ, ಯಾವ ಖರ್ಚೂ ಇಲ್ಲ. ಓದು ಬರಹ ತೊಡಕಾಗುವ ಡಿಸ್ಲೆಕ್ಸಿಯಾ ಇರುವವರು ನಮ್ಮ ಕಾಲೇಜುಗಳಲ್ಲಿ ಗುರುತಿಸಲ್ಪಡುವುದೇ ಅಪರೂಪ. ಬಾಯಲ್ಲಿ ಚೆನ್ನಾಗಿ ಉತ್ತರಿಸಿ ಬರಹದಲ್ಲಿ ಸೋಲುವ ಹುಡುಗನನ್ನು ಸೋಮಾರಿ ಎಂದು ಬಿಡುತ್ತೇವೆ. ಓದುತ್ತಿರುವ ಪದವನ್ನು ಬಣ್ಣದಲ್ಲಿ ತೋರಿಸುತ್ತಾ ಜೊತೆಗೇ ಧ್ವನಿಯಲ್ಲಿ ಕೇಳಿಸುವ ತಂತ್ರಾಂಶವನ್ನು ಅವನಿಗೆ ಒಮ್ಮೆ ಕೊಟ್ಟು ನೋಡಬೇಕು.

ಮಳೆಗಾಲದ ಲೆಕ್ಕ

ಬೆಂಗಳೂರಿನಲ್ಲಿ ತರಬೇತಿ ಪಡೆದು ಬಂದವರು ಇಲ್ಲಿ ಕಲಿಸುವಾಗ ಕೆಲವು ಹೊಂದಾಣಿಕೆ ಮಾಡಿಕೊಳ್ಳಬೇಕಾಗುತ್ತದೆ. ಶೈಕ್ಷಣಿಕ ವರ್ಷ ಮೊದಲಾಗುವ ಹೊತ್ತಿಗೇ ಮಲೆನಾಡಿನಲ್ಲಿ ಮಳೆ ಹಿಡಿದಿರುತ್ತದೆ. ಆಗುಂಬೆ, ಹುಲಿಕಲ್‌ಗಳ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಬಿಡುವುದೇ ಕಡಿಮೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಲ್ಯಾಪ್‌ಟಾಪಿನ ಸ್ಪೀಕರು ಕೇಳುವುದಿಲ್ಲ, ಮಾತನ್ನು ಬರಹವಾಗಿಸುವ ಆ್ಯಪ್ ಮಳೆಯ ಸದ್ದಿನಲ್ಲಿ ದಾರಿ ತಪ್ಪುತ್ತದೆ. ಮೈಕಿರುವ ತಂತಿಯ ಇಯರ್‌ಫೋನನ್ನು ಬಾಯಿಯ ಹತ್ತಿರ ಹಿಡಿದರೆ ಕೆಲಸ ನಡೆಯುತ್ತದೆ. ತರಗತಿಯಲ್ಲಿ ಅಂಧ ವಿದ್ಯಾರ್ಥಿ ಒಂದೇ ಕಿವಿಗೆ ಇಯರ್‌ಫೋನ್ ಹಾಕಿ, ಇನ್ನೊಂದನ್ನು ಪಾಠಕ್ಕೆ ಬಿಟ್ಟುಕೊಳ್ಳುವ ಅಭ್ಯಾಸ ಮಾಡಬೇಕು.

ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಎರಡು ದಿನವಾದರೂ ಬಾರದ ಊರುಗಳಿವೆ, ಟವರ್ ಬ್ಯಾಟರಿ ಮುಗಿದರೆ ಸಿಗ್ನಲ್ಲೂ ಹೋಗುತ್ತದೆ. ಆದ್ದರಿಂದ ನೆಟ್‌ವರ್ಕ್ ಇದ್ದರೆ ಮಾತ್ರ ಕೆಲಸ ಮಾಡುವ ಆ್ಯಪ್‌ಗಳ ಮೇಲೆ ಓದನ್ನು ನಿಲ್ಲಿಸಬಾರದು. ಫೋನಿನಲ್ಲಿ ಕನ್ನಡ ಧ್ವನಿಯನ್ನು ಮೊದಲೇ ಇಳಿಸಿಟ್ಟುಕೊಂಡರೆ ಅದು ಇಂಟರ್‌ನೆಟ್ ಇಲ್ಲದೆಯೂ ಓದುತ್ತದೆ. ಎನ್‌ವಿಡಿಎಗೆ ಇಂಟರ್‌ನೆಟ್ ಬೇಕಾಗಿಯೇ ಇಲ್ಲ. ಕ್ಯಾಮೆರಾ ಹಿಡಿದರೆ ಎದುರಿನದನ್ನು ವರ್ಣಿಸುವ ಹೊಸ ಎಐ ಆ್ಯಪ್‌ಗಳು ಬಸ್ಸಿನ ಬೋರ್ಡು ಓದಿಸಲು, ಔಷಧಿ ಡಬ್ಬಿಯ ಹೆಸರು ತಿಳಿಯಲು ಒಳ್ಳೆಯವು, ಆದರೆ ಕಾಣದ್ದನ್ನು ಕಂಡಂತೆ ಹೇಳುವ ದೋಷ ಅವಕ್ಕಿದೆ. ಪಠ್ಯದ ಓದಿಗೆ ಅವನ್ನು ನಂಬದಿರುವುದು ಕ್ಷೇಮ.

ಶ್ರವಣಯಂತ್ರಕ್ಕಂತೂ ತೇವವೇ ಶತ್ರು. ರಾತ್ರಿ ಅದನ್ನು ತೆಗೆದು, ಒರೆಸಿ, ಸಿಲಿಕಾ ಜೆಲ್ ಪೊಟ್ಟಣವಿರುವ ಮುಚ್ಚಳದ ಡಬ್ಬಿಯಲ್ಲಿ ಇಡುವುದನ್ನು ಯಂತ್ರ ಕೊಟ್ಟ ದಿನವೇ ಕಲಿಸಬೇಕು. ಬಿಳಿಕೋಲು ಹಿಡಿದು ನಡೆಯುವವರಿಗೆ ಇನ್ನೊಂದು ಕಷ್ಟ: ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕೊಡೆ, ಬೆನ್ನಿನಲ್ಲಿ ಲ್ಯಾಪ್‌ಟಾಪು, ಕೊಡೆಯ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಹಿಂದಿನಿಂದ ಬರುವ ಬಸ್ಸಿನ ಸದ್ದೇ ಅಡಗುತ್ತದೆ. ಮಳೆಗಾಲದಲ್ಲಿ ಕೊಡೆಗಿಂತ ರೈನ್‌ಕೋಟು ವಾಸಿ. ಅದರ ಟೋಪಿ ಕಿವಿ ಮುಚ್ಚದಂತಿರಬೇಕು.

ಪರೀಕ್ಷೆಯ ಕೊಠಡಿ

ಕಲಿತ ವಿದ್ಯೆ ಒರೆಗೆ ಹತ್ತುವುದು ಇಲ್ಲಿ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಹೇಳಿದ ಉತ್ತರವನ್ನು ಬರೆದುಕೊಡುವ ಸ್ಕ್ರೈಬ್ ಪಡೆಯುವುದಲ್ಲದೆ ಬ್ರೈಲ್‌ನಲ್ಲಿ, ದೊಡ್ಡಕ್ಷರದ ಪ್ರಶ್ನೆಪತ್ರಿಕೆಯಲ್ಲಿ ಅಥವಾ ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುವ ಆಯ್ಕೆಯೂ ಅದರಲ್ಲಿದೆ. ಶೇ. 40ಕ್ಕಿಂತ ಕಡಿಮೆ ವೈಕಲ್ಯವೆಂಬ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಬರೆಯಲು ಹೊರಟರೆ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯ ಮೊಕದ್ದಮೆ ಅದು.

ಸ್ಕ್ರೈಬ್ ಬೇಡ, ತಾನೇ ಕಂಪ್ಯೂಟರಿನಲ್ಲಿ ಬರೆಯುತ್ತೇನೆ ಎನ್ನುವ ವಿದ್ಯಾರ್ಥಿಗೆ ಆಂತರಿಕ ಕಿರುಪರೀಕ್ಷೆಗಳಿಂದಲೇ ಹಾಗೆ ಬರೆಯಲು ಬಿಡಬೇಕು. ಸೆಮಿಸ್ಟರಿನ ಕೊನೆಯಲ್ಲಿ ಒಮ್ಮೆಲೇ ಕೂರಿಸಿದರೆ ತಂತ್ರಾಂಶದೊಂದಿಗೆ ಸೆಣಸುವುದರಲ್ಲಿಯೇ ಹೆಚ್ಚುವರಿ ಸಮಯ ಕರಗುತ್ತದೆ. ಪರೀಕ್ಷೆಗೆ ವಿದ್ಯಾರ್ಥಿಯ ಸ್ವಂತ ಲ್ಯಾಪ್‌ಟಾಪನ್ನು ಒಪ್ಪದ ಕಡೆ ಕಾಲೇಜಿನ ಕಂಪ್ಯೂಟರನ್ನೇ ಬಳಸಬೇಕಾಗುತ್ತದೆ. ಎನ್‌ವಿಡಿಎಯನ್ನು ವಿದ್ಯಾರ್ಥಿಗೆ ಒಗ್ಗಿದ ವೇಗ, ಧ್ವನಿಗಳ ಸಮೇತ ಪೆನ್‌ಡ್ರೈವ್‌ಗೆ ತುಂಬಿಕೊಂಡು ಯಾವ ಕಂಪ್ಯೂಟರಿನಲ್ಲಿಯೂ ಓಡಿಸಬಹುದು. ಆದರೆ ಹಾಗೆ ಓಡಿಸಿದಾಗ ಅದು ಪಾಸ್‌ವರ್ಡ್ ಕೇಳುವ ಆರಂಭದ ಪರದೆಯನ್ನು ಓದಲಾರದು, ಆದ್ದರಿಂದ ಕೊಠಡಿ ಮೇಲ್ವಿಚಾರಕರು ಲಾಗಿನ್ ಮಾಡಿಕೊಡಬೇಕು. ಕನ್ನಡದ ಕೀಲಿಮಣೆ ವಿನ್ಯಾಸ ಪೆನ್‌ಡ್ರೈವ್‌ನ ಜೊತೆ ಬರುವುದಿಲ್ಲ; ವಿಂಡೋಸ್‌ನಲ್ಲಿ ಇರುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಎಫ್ ಒತ್ತಿದರೆ ಒತ್ತಕ್ಷರ ಬರುವುದಿಲ್ಲವಾದ್ದರಿಂದ ನುಡಿಯನ್ನು ಆ ಕಂಪ್ಯೂಟರಿನಲ್ಲಿ ಮೊದಲೇ ಅಳವಡಿಸಿ, ಯೂನಿಕೋಡಿಗೆ ಹೊಂದಿಸಿ, ವಿದ್ಯಾರ್ಥಿಯಿಂದಲೇ ಒಂದು ಪುಟ ಬರೆಸಿ ನೋಡಬೇಕು. ಪ್ರಶ್ನೆಪತ್ರಿಕೆಯನ್ನೂ ಯೂನಿಕೋಡ್ ಕಡತವಾಗಿ ಕೊಡುವಂತೆ ವಿಶ್ವವಿದ್ಯಾಲಯಕ್ಕೆ ಮೊದಲೇ ಬರೆದುಕೊಳ್ಳಬೇಕು, ಸಿಗದಿದ್ದರೆ ಓದಿ ಹೇಳುವವರನ್ನು ನೇಮಿಸಬೇಕು. ಉತ್ತರಗಳನ್ನು ಮುದ್ರಿಸಿ ಲಕೋಟೆಗೆ ಹಾಕಲು ಪ್ರಿಂಟರ್ ಅದೇ ಕೊಠಡಿಯಲ್ಲಿರಲಿ, ಯುಪಿಎಸ್ ನಾಲ್ಕು ಗಂಟೆ ತಡೆಯುತ್ತದೆಯೇ ಎಂದು ಹಿಂದಿನ ದಿನವೇ ಪ್ಲಗ್ ಕಿತ್ತು ಪರೀಕ್ಷಿಸಿರಲಿ.